ಟರ್ಬೊ ಕಾರಿಗೆ ರೀಮ್ಯಾಪ್ ಬೇಕಾ? ಕರಾವಳಿ ಸೆಕೆ, ಘಟ್ಟದ ಏರು ನೋಡಿ ತೀರ್ಮಾನಿಸಿ

ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಹಾಕಿಸಿ ಆಯ್ತು, ಇನ್‌ಟೇಕ್ (ಇಂಜಿನ್‌ಗೆ ಗಾಳಿ ಎಳೆಯುವ ದಾರಿ) ಬದಲಾಯಿಸಿ ಆಯ್ತು, ಇನ್ನು ರೀಮ್ಯಾಪ್, ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಬರೆಸುವುದು, ಮಾಡಿಸಲೇಬೇಕಾ? ಕಾರವಾರ, ಕುಮಟಾ, ಶಿರಸಿ ಕಡೆ ಟರ್ಬೊ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಉತ್ತರ ಕೊಡುವವರು ಹೆಚ್ಚಾಗಿ ಬೆಂಗಳೂರಿನವರು. ಅವರ ಲೆಕ್ಕ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಎಷ್ಟು ಪಿಎಸ್ (ಅಶ್ವಶಕ್ತಿ) ಬಂತು ಅನ್ನುವುದು. ನಮ್ಮ ಲೆಕ್ಕ ಬೇರೆ. ಮೇ ತಿಂಗಳ ಮಧ್ಯಾಹ್ನ, ಕಾರು ತುಂಬಾ ಜನ, ಎಸಿ ಫುಲ್ಲು, ಮುಂದೆ ಜಲ್ಲಿ ತುಂಬಿದ ಲಾರಿ, ಕಾಲಡಿ ದೇವಿಮನೆ ಘಟ್ಟದ ಏರು. ಇಂಜಿನ್ ಆಗ ಹೇಗಿರುತ್ತದೆ ಅನ್ನುವುದರ ಮೇಲೆ ರೀಮ್ಯಾಪ್ ಬೇಕೋ ಬೇಡವೋ ತೀರ್ಮಾನ ಆಗಬೇಕು. ಅದನ್ನು ತಿಳಿಯಲು ಊಹೆ ಬೇಡ. ಒಂದು ಡಾಂಗಲ್, ಒಂದು ಫೋನ್ ಸಾಕು.

ಮೊದಲು ಎರಡು ಮಾತು ಈಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಬಗ್ಗೆ. ಈಗಿನ ಟರ್ಬೊ ಕಾರುಗಳಲ್ಲಿ ನೀವು ಪೆಡಲ್ ಒತ್ತಿದ ಕೂಡಲೇ ಥ್ರಾಟಲ್ ಅಷ್ಟೇ ತೆರೆಯುತ್ತದೆ ಅಂತಿಲ್ಲ. ಪೆಡಲ್ ಒತ್ತಿದ್ದನ್ನು ಈಸಿಯು ‘ಇವರಿಗೆ ಇಷ್ಟು ಟಾರ್ಕ್ (ಎಳೆಯುವ ಬಲ) ಬೇಕು’ ಎಂದು ಓದಿಕೊಳ್ಳುತ್ತದೆ. ಅದಕ್ಕೆ ಎಷ್ಟು ಗಾಳಿ, ಎಷ್ಟು ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ), ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಎಂದು ತನ್ನೊಳಗಿನ ಕೋಷ್ಟಕ ನೋಡಿ ನಿರ್ಧರಿಸುತ್ತದೆ. ಆ ಕೋಷ್ಟಕಗಳೇ ಮ್ಯಾಪ್. ಅವುಗಳ ಮೇಲೆ ಟಾರ್ಕ್ ಮಿತಿ ಎಂಬ ಬೇಲಿಯೂ ಇರುತ್ತದೆ. ಹಾಗಾಗಿ ನೀವು ದೊಡ್ಡ ಪೈಪ್ ಹಾಕಿ ಗಾಳಿಗೆ ದಾರಿ ಸಲೀಸು ಮಾಡಿಕೊಟ್ಟರೂ ಈಸಿಯು ಹಳೆಯ ಮಿತಿಗೇ ತಂದು ನಿಲ್ಲಿಸುತ್ತದೆ. ಸದ್ದು ಜಾಸ್ತಿ ಆಯ್ತು, ಪಿಕಪ್ ಅಷ್ಟೇ ಇದೆ ಎಂದು ಜನ ಬೇಜಾರು ಮಾಡಿಕೊಳ್ಳುವುದು ಇದಕ್ಕೇ.

ಹೆಜ್ಜೆ 1: ಹಾಕಿಸಿದ್ದನ್ನೆಲ್ಲ ಬರೆದಿಡಿ

ಒಂದು ಹಾಳೆ ತಗೊಂಡು ಕಾರಿಗೆ ಏನೇನು ಬದಲಾವಣೆ ಆಗಿದೆ ಬರೆಯಿರಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರನ್ನು ಕೇಳಿ. ಮೊದಲೇ ಯಾರೋ ಮ್ಯಾಪ್ ಹಾಕಿಸಿಬಿಟ್ಟಿರಬಹುದು, ಅದರ ಮೇಲೆ ಇನ್ನೊಂದು ಹಾಕಿಸಲು ನೀವು ಹೊರಟಿರಬಹುದು.

ಬರೆದ ಪಟ್ಟಿಯನ್ನು ಮೂರು ಗುಂಪು ಮಾಡಿ. ಏರ್ ಫಿಲ್ಟರ್ ಒಂದೇ ಬದಲಾಯಿಸಿದ್ದರೆ, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಿನ ಎಕ್ಸಾಸ್ಟ್ ಮಾತ್ರ ಬದಲಾಯಿಸಿದ್ದರೆ, ರೀಮ್ಯಾಪ್ ಅಗತ್ಯ ಇಲ್ಲ. ಟರ್ಬೊದಿಂದ ಬಂದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ದೊಡ್ಡದು ಹಾಕಿದ್ದರೂ ಕಡ್ಡಾಯ ಇಲ್ಲ, ಆದರೆ ಮುಂದೆ ಮಾಡಿಸುವುದಾದರೆ ನಮ್ಮ ಸೆಕೆಗೆ ಅದರಷ್ಟು ಉಪಕಾರದ ವಸ್ತು ಬೇರೆ ಇಲ್ಲ. (ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಥರದ ಇಂಜಿನ್‌ಗಳಲ್ಲಿ ನೀರಿನಿಂದ ತಣಿಯುವ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇರುತ್ತದೆ. ಅಲ್ಲಿ ಬಂಪರ್ ಹಿಂದೆ ದೊಡ್ಡದೊಂದು ತಂದು ಕಟ್ಟುವುದು ಸಲೀಸಲ್ಲ.)

ಎರಡನೇ ಗುಂಪು ‘ನೋಡಿ ಹೇಳಬೇಕು’ ಅನ್ನುವಂಥದ್ದು. ಡೌನ್‌ಪೈಪ್ ಬದಲಾದರೆ ಟರ್ಬೊ ಬೇಗ ತಿರುಗುತ್ತದೆ. ಬೂಸ್ಟ್ ಹಿಡಿತ ತಪ್ಪಿ ಓವರ್‌ಬೂಸ್ಟ್ ಕೋಡ್ ಪಿ0234 ಬರಬಹುದು, ಕ್ಯಾಟ್ ಸರಿ ಕೆಲಸ ಮಾಡುತ್ತಿಲ್ಲ ಎಂದು ಪಿ0420 ಬರಬಹುದು. ಓಪನ್ ಇನ್‌ಟೇಕ್ ಹಾಕಿದ್ದರೆ ನಿಮ್ಮ ಕಾರಿನಲ್ಲಿ ಒಳಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೊ ಸೆನ್ಸರ್ ಇದೆಯಾ ನೋಡಿ. ಆ ಸೆನ್ಸರ್ ಕೂರುವ ಪೈಪಿನ ಅಗಲಕ್ಕೆ ಈಸಿಯು ಲೆಕ್ಕ ಹೊಂದಿಕೊಂಡಿರುತ್ತದೆ. ಪೈಪ್ ಅಗಲ ಆದರೆ ಒಳಗೆ ಹೋದ ಗಾಳಿ ಜಾಸ್ತಿ, ಸೆನ್ಸರ್ ಹೇಳುವುದು ಕಡಿಮೆ. ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುವ ಕಾರುಗಳಲ್ಲಿ ಈ ತಾಪತ್ರಯ ಇಲ್ಲ. ಪೆಡಲ್ ಬಿಟ್ಟಾಗ ಹೆಚ್ಚಾದ ಬೂಸ್ಟ್ ಹೊರಬಿಡುವ ಬ್ಲೋ ಆಫ್ ವಾಲ್ವ್ ವಿಷಯವೂ ಹೀಗೇ. ಮಾಸ್ ಏರ್‌ಫ್ಲೊ ಸೆನ್ಸರ್ ಇರುವ ಕಾರಿನಲ್ಲಿ ಗಾಳಿಯನ್ನು ಹೊರಗೆ ಬಿಟ್ಟರೆ ಅಳೆದ ಗಾಳಿ ಇಂಜಿನ್‌ಗೆ ಸೇರುವುದೇ ಇಲ್ಲ. ಗೇರ್ ಬದಲಿಸುವಾಗೆಲ್ಲ ಪೆಟ್ರೋಲ್ ಜಾಸ್ತಿ ಬಿದ್ದು ಮುಗ್ಗರಿಸುತ್ತದೆ.

ಮೂರನೇ ಗುಂಪಿಗೆ ಯೋಚನೆಯೇ ಬೇಡ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಟರ್ಬೊ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್, ಬೂಸ್ಟ್ ಮಿತಿ ಮೀರದಂತೆ ಹಿಡಿಯುವ ವೇಸ್ಟ್‌ಗೇಟ್ ಆಕ್ಚುಯೇಟರ್, ಇವುಗಳಲ್ಲಿ ಒಂದು ಬದಲಾದರೂ ರೀಮ್ಯಾಪ್ ಬೇಕೇ ಬೇಕು. ಅದು ಆಗುವ ತನಕ ಬೂಸ್ಟ್‌ನಲ್ಲಿ ಓಡಿಸಬೇಡಿ. ‘ಟರ್ಬೊ ಈಗ ಕೂರಿಸೋಣ, ಮ್ಯಾಪ್ ಮುಂದಿನ ತಿಂಗಳು ದುಡ್ಡು ಬಂದಾಗ’ ಅನ್ನುವವರಿಗೆ ನಾನು ಹೇಳುವುದು ಒಂದೇ, ಟರ್ಬೊ ಕೂಡ ಮುಂದಿನ ತಿಂಗಳೇ ಕೂರಿಸಿ ಮಾರಾಯ್ರೆ.

ಹೆಜ್ಜೆ 2: ಕಾರು ಗಟ್ಟಿ ಇದೆಯಾ?

ಈ ಹೆಜ್ಜೆಯನ್ನು ಹಾರಿಸಿ ಹೋಗುವವರೇ ಜಾಸ್ತಿ. ಸುಸ್ತಾದ ಇಂಜಿನ್‌ಗೆ ರೀಮ್ಯಾಪ್ ಔಷಧ ಅಲ್ಲ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಎಲ್ಲ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇರಬೇಕು, ಒಂದು ಮಾತ್ರ ಕೆಳಗೆ ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ಲಗ್ ಬಿಚ್ಚಿದಾಗ ಅದರ ಬಣ್ಣ, ಗ್ಯಾಪ್ ಎರಡೂ ನೋಡಿ. ಬೂಸ್ಟ್ ಏರಿದಷ್ಟೂ ಕಿಡಿ ಹಾರುವುದು ಕಷ್ಟ, ಸವೆದು ಅಗಲವಾದ ಗ್ಯಾಪ್‌ನಲ್ಲಿ ಮಿಸ್‌ಫೈರ್ ಶುರುವಾಗುತ್ತದೆ.

ಆಮೇಲೆ ಸೋರಿಕೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಹೋಸ್‌ಗಳಲ್ಲಿ ಸಣ್ಣ ಬಿರುಕು ಇದ್ದರೂ ಟರ್ಬೊ ಅದನ್ನು ತುಂಬಿಕೊಡಲು ಮಿತಿ ಮೀರಿ ತಿರುಗುತ್ತಿರುತ್ತದೆ. ಗ್ಯಾರೇಜ್‌ನಲ್ಲಿ ಸ್ಮೋಕ್ ಮಷಿನ್ ಇದ್ದರೆ ಹೊಗೆ ಬಿಟ್ಟು ನೋಡಬಹುದು. ಇಲ್ಲದಿದ್ದರೆ ಇನ್‌ಟೇಕ್ ಬಾಯಿಗೆ ಮುಚ್ಚಳ ಕಟ್ಟಿ, ಕಂಪ್ರೆಸರ್‌ನಿಂದ ಸ್ವಲ್ಪವೇ ಗಾಳಿ ತುಂಬಿ, ಹೋಸ್‌ಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ.

ನಮ್ಮ ಕರಾವಳಿಗೇ ಬೇಕಾದ ಒಂದು ತಪಾಸಣೆ ಇದೆ, ಬೆಂಗಳೂರಿನ ಯಾರೂ ಹೇಳುವುದಿಲ್ಲ. ಉಪ್ಪು ಗಾಳಿ. ಕಡಲಿಗೆ ಹತ್ತಿರ ನಿಲ್ಲುವ ಕಾರಿನ ಬಾನೆಟ್ ತೆರೆದು, ಗೇರ್‌ಬಾಕ್ಸ್‌ನಿಂದ ಬಾಡಿಗೆ ಹೋಗುವ ಅರ್ತ್ ವೈರ್ ಹುಡುಕಿ. ಬೋಲ್ಟ್ ಬಿಚ್ಚಿ ತುದಿಯ ರಿಂಗ್ ತಿರುಗಿಸಿ ನೋಡಿ. ಮೇಲಿಂದ ಚೆನ್ನಾಗೇ ಕಾಣುವ ವೈರಿನ ಅಡಿಯಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುವುದುಂಟು. ಬಿಚ್ಚಲು ಮನಸ್ಸಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಚ್ಚಿ. 0.2 ವೋಲ್ಟ್ ದಾಟಿದರೆ ಅರ್ತಿಂಗ್ ಸರಿ ಇಲ್ಲ. ಇಂಥ ಕಾರಿನಲ್ಲಿ ಸೆನ್ಸರ್‌ಗಳು ಹೇಳುವುದೇ ಸುಳ್ಳು. ಸುಳ್ಳು ಸಂಖ್ಯೆ ನಂಬಿ ಬರೆದ ಮ್ಯಾಪ್‌ಗೆ ಬೆಲೆ ಎಲ್ಲಿಂದ ಬರಬೇಕು? ಇಂಟರ್‌ಕೂಲರ್ ರೆಕ್ಕೆಗಳನ್ನೂ ನೋಡಿ, ಬೆರಳಿಗೆ ಬಿಳಿ ಪುಡಿ ಹತ್ತಿದರೆ, ರೆಕ್ಕೆ ಮುಟ್ಟಿದ ಕೂಡಲೇ ಮುರಿದರೆ ಅದು ಶಾಖ ಬಿಡುವುದು ಅರ್ಧಕ್ಕರ್ಧ ಮುಗಿದ ಹಾಗೆ.

ಮಳೆಗಾಲದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ತಣ್ಣನೆ ಗಾಳಿ ಸಿಗಲಿ ಎಂದು ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ಇನ್‌ಟೇಕ್‌ಗಳು ಬರುತ್ತವೆ. ಜುಲೈನಲ್ಲಿ ಹೆದ್ದಾರಿ 66ರ ಮೇಲೆ ಮೊಣಕಾಲುದ್ದ ನೀರು ನಿಲ್ಲುವ ಜಾಗ ನಿಮ್ಮ ದಾರಿಯಲ್ಲಿದ್ದರೆ ಅದನ್ನು ಇವತ್ತೇ ತೆಗೆಸಿ. ನೀರು ಸಿಲಿಂಡರ್‌ಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ರೀಮ್ಯಾಪ್ ಚರ್ಚೆಯೇ ಇರುವುದಿಲ್ಲ.

ಹೆಜ್ಜೆ 3: ಲಾಗ್ ತೆಗೆಯಿರಿ

ಓಡಿಸುವಾಗ ಇಂಜಿನ್ ಕೊಡುವ ಸಂಖ್ಯೆಗಳ ದಾಖಲೆಯೇ ಲಾಗ್. ಆ ಸಂಖ್ಯೆಗಳನ್ನು ಈಸಿಯುನಿಂದ ಓದುವ ಬ್ಲೂಟೂತ್ ಒಬಿಡಿ ಡಾಂಗಲ್ ಒಂದು ಕೊಳ್ಳಿ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸಿ, ಫೋನ್‌ನಲ್ಲಿ ಆ್ಯಪ್ ಹಾಕಿಕೊಳ್ಳಿ. ಅಗ್ಗದ ಡಾಂಗಲ್‌ಗಳು ನಿಧಾನ. ಒಟ್ಟಿಗೆ ಇಪ್ಪತ್ತು ಸಂಖ್ಯೆ ಕೇಳಿದರೆ ಒಂದೂ ಸರಿಯಾಗಿ ಬರುವುದಿಲ್ಲ. ನಾಲ್ಕೈದೇ ಆರಿಸಿ: ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ, ಇನ್‌ಟೇಕ್ ಗಾಳಿಯ ಉಷ್ಣತೆ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು), ಫ್ಯುಯೆಲ್ ಟ್ರಿಮ್. ನಿಮ್ಮ ಕಾರಿನ ಕಂಪನಿಗೇ ಮಾಡಿದ ಆ್ಯಪ್ ಸಿಕ್ಕರೆ ನಾಕ್ (ಸಿಲಿಂಡರ್ ಒಳಗೆ ಮಿಶ್ರಣ ತಾನಾಗೇ ಹೊತ್ತಿ ಬಡಿಯುವುದು) ಆದಾಗ ಪ್ರತಿ ಸಿಲಿಂಡರಿನಲ್ಲಿ ಟೈಮಿಂಗ್ ಎಷ್ಟು ಹಿಂದೆ ಎಳೆದಿದೆ ಅನ್ನುವುದೂ ಕಾಣುತ್ತದೆ. ಸಿಕ್ಕರೆ ಅದೇ ಎಲ್ಲಕ್ಕಿಂತ ಮುಖ್ಯ.

ಡಾಂಗಲ್ ಸರಿ ಓದುತ್ತಿದೆಯಾ ಎಂದು ನೋಡಲು ಸುಲಭದ ದಾರಿ ಇದೆ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಒತ್ತಡ ನೋಡಿ. ಕಾರವಾರದಲ್ಲಿ 100-101 ಕಿಲೊಪ್ಯಾಸ್ಕಲ್ ತೋರಿಸಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಅಲ್ಲಿ 94-95 ಬರುತ್ತದೆ. ಇದಕ್ಕಿಂತ ತುಂಬಾ ಆಚೀಚೆ ಇದ್ದರೆ ಸೆನ್ಸರ್ ಮೇಲೆ ಅನುಮಾನ ಪಡಿ.

ಇನ್ನು ಓಡಿಸುವುದು. ಒಬ್ಬರು ಓಡಿಸಿ, ಇನ್ನೊಬ್ಬರು ಫೋನ್ ಹಿಡಿಯಲಿ. ಮೊದಲು ಕಾರವಾರ-ಅಂಕೋಲಾ ಹೆದ್ದಾರಿಯಲ್ಲಿ ಸಮವೇಗದಲ್ಲಿ ಹತ್ತು ಹದಿನೈದು ನಿಮಿಷ ಹೋಗಿ ಫ್ಯುಯೆಲ್ ಟ್ರಿಮ್ ನೋಡಿ. ಲಾಂಗ್ ಟರ್ಮ್ ಟ್ರಿಮ್ ಅಂದರೆ ಈಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪಾಲು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಂಡು ನಡೆಸುತ್ತಿದೆ ಎಂಬ ಸಂಖ್ಯೆ. ನೂರಕ್ಕೆ 5ರ ಒಳಗಿದ್ದರೆ ನಿಶ್ಚಿಂತೆ. 10 ದಾಟಿದರೆ ಕಾರಣ ಹುಡುಕಬೇಕು. ಐಡಲ್‌ನಲ್ಲಿ ಪ್ಲಸ್ ಜಾಸ್ತಿ, ರೇಸ್ ಮಾಡಿದರೆ ಕಡಿಮೆ ಆಗುತ್ತದೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಲೋಡ್ ಏರಿದ ಹಾಗೆ ಪ್ಲಸ್ ಏರಿದರೆ ಏರ್‌ಫ್ಲೊ ಸೆನ್ಸರ್ ಕೊಳೆ ಆಗಿರಬಹುದು (ಎಣ್ಣೆ ಹಚ್ಚುವ ಫಿಲ್ಟರ್ ಹಾಕಿದವರು ಮೊದಲು ಇದನ್ನೇ ನೋಡಿ) ಅಥವಾ ಪೆಟ್ರೋಲ್ ಪಂಪ್ ಸೋತಿರಬಹುದು.

ಅಂಕೋಲಾದ ಗೆಳೆಯರೊಬ್ಬರು ಪಿಕಪ್ ಬಿದ್ದುಹೋಗಿದೆ, ರೀಮ್ಯಾಪ್‌ಗೆ ಬೆಂಗಳೂರಿಗೆ ಹೋಗುತ್ತೇನೆ ಎಂದು ಹೊರಟಿದ್ದರು. ಡಾಂಗಲ್ ಹಾಕಿ ನೋಡಿದರೆ ಟ್ರಿಮ್ ಪ್ಲಸ್ 14. ಓಪನ್ ಇನ್‌ಟೇಕ್ ಕೂರಿಸಿದ ಕಡೆ ಕ್ಲ್ಯಾಂಪ್ ಓರೆಯಾಗಿ ಹೋಸಿನ ಅಂಚನ್ನು ಕಚ್ಚಿಕೊಂಡಿತ್ತು, ಅಡಿಯಲ್ಲಿ ಬೆರಳುಗುರು ಹೋಗುವಷ್ಟು ಸಂದು. ಬಿಚ್ಚಿ ನೇರ ಮಾಡಿ ಬಿಗಿ ಮಾಡಿದರು. ಟ್ರಿಮ್ ಪ್ಲಸ್ 4ಕ್ಕೆ ಇಳಿಯಿತು, ಪಿಕಪ್ ವಾಪಸ್ ಬಂತು. ಬೆಂಗಳೂರಿನ ಮಾತೇ ಬಿಟ್ಟರು.

ಆ ಉಳಿದ 4ಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 2025ರಿಂದ ದೇಶದ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಬರಿ ಪೆಟ್ರೋಲಿಗೆ ಗಾಳಿ-ಇಂಧನದ ಪ್ರಮಾಣ 14.7 ಇದ್ದರೆ ಇ20ಗೆ 13.5ರ ಸುಮಾರು. ಇ10ಗೆ ಹೊಂದಿಸಿದ ಕಾರಿನಲ್ಲಿ ನೂರಕ್ಕೆ ನಾಲ್ಕರಷ್ಟು ಪ್ಲಸ್ ತೋರಿಸಿದರೆ ಅದು ಪೆಟ್ರೋಲಿನ ಗುಣ, ಕಾರಿನ ರೋಗ ಅಲ್ಲ.

ಈಗ ಘಟ್ಟ. ಕುಮಟಾದವರು ಕತಗಾಲ ದಾಟಿ ದೇವಿಮನೆ ಹತ್ತಿ. ಅಂಕೋಲಾದವರಿಗೆ ಅರಬೈಲು, ಹೊನ್ನಾವರದವರಿಗೆ ಗೇರುಸೊಪ್ಪೆ, ಕಾರವಾರದವರಿಗೆ ಕದ್ರಾ ಮೇಲೆ ಅಣಶಿ. ಬೆಳಿಗ್ಗೆ ತಂಪಿನಲ್ಲಿ ಹೋಗಬೇಡಿ, ಮಧ್ಯಾಹ್ನವೇ ಹೋಗಿ. ರೇಸ್ ಮಾಡುವುದೇನೂ ಬೇಡ, ದಿನಾ ಹೇಗೆ ಹತ್ತುತ್ತೀರೋ ಹಾಗೇ ಹತ್ತಿ. ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಇನ್ನೂ ಒಳ್ಳೆಯದು, ಆಗಲೇ ಬಣ್ಣ ಗೊತ್ತಾಗುವುದು.

ನೋಡಬೇಕಾದ್ದು ಇನ್‌ಟೇಕ್ ಗಾಳಿಯ ಉಷ್ಣತೆ. ಹೊರಗೆ 34 ಡಿಗ್ರಿ ಇದ್ದು, ಇಂಟರ್‌ಕೂಲರ್ ದಾಟಿದ ಗಾಳಿ 50ರ ಆಸುಪಾಸು ನಿಂತರೆ ವ್ಯವಸ್ಥೆ ಚೆನ್ನಾಗಿದೆ. 65, 70 ಎಂದು ಏರುತ್ತಲೇ ಹೋದರೆ, ದಾರಿ ಸಿಕ್ಕ ಮೇಲೂ ಬೇಗ ಇಳಿಯದಿದ್ದರೆ, ಈಗಿರುವ ಬೂಸ್ಟ್‌ಗೇ ಇಂಟರ್‌ಕೂಲರ್ ಸಾಲುತ್ತಿಲ್ಲ. ಬಿಸಿ ಗಾಳಿ ಎಂದರೆ ನಾಕಿಂಗ್ ಹತ್ತಿರ. ಈಸಿಯು ಅದನ್ನು ತಪ್ಪಿಸಲು ಟೈಮಿಂಗ್ ಹಿಂದೆ ಎಳೆಯುತ್ತದೆ, ಬೂಸ್ಟ್ ಇಳಿಸುತ್ತದೆ. ‘ಶಿರಸಿಯಲ್ಲಿ ಚೆನ್ನಾಗಿ ಓಡುವ ಕಾರು ಕುಮಟಾಕ್ಕೆ ಬಂದರೆ ಸತ್ತ ಹಾಗೆ ಇರುತ್ತದೆ’ ಎಂದು ಜನ ಹೇಳುತ್ತಾರಲ್ಲ, ಅದು ಭ್ರಮೆ ಅಲ್ಲ. ಅದರ ಜೊತೆ ತೇವ ಬೇರೆ. ಕರಾವಳಿಯ ಬೇಸಿಗೆ ಗಾಳಿಯಲ್ಲಿ ನೂರಕ್ಕೆ 3-4 ಪಾಲು ನೀರಿನ ಆವಿಯೇ ಇರುತ್ತದೆ, ಅಷ್ಟು ಆಮ್ಲಜನಕ ಕಡಿಮೆ.

ನಾಕ್‌ಗೆ ಟೈಮಿಂಗ್ ಒಮ್ಮೊಮ್ಮೆ ಒಂದು ಸಿಲಿಂಡರಿನಲ್ಲಿ 2-3 ಡಿಗ್ರಿ ಹಿಂದೆ ಹೋಗಿ ವಾಪಸ್ ಬಂದರೆ ಹೆದರಬೇಡಿ. ಎಲ್ಲ ಸಿಲಿಂಡರ್‌ಗಳಲ್ಲೂ, ಪ್ರತಿ ಏರಿನಲ್ಲೂ 5-6 ಡಿಗ್ರಿ ಎಳೆಯುತ್ತಿದ್ದರೆ ಆ ಕಾರಿನಲ್ಲಿ ಇನ್ನಷ್ಟು ಬೂಸ್ಟ್‌ಗೆ ಜಾಗವೇ ಇಲ್ಲ. ಮೊದಲು ತಂಪು ಮಾಡಿ, ಒಳ್ಳೆಯ ಪೆಟ್ರೋಲ್ ಹಾಕಿ ನೋಡಿ, ಮತ್ತೆ ಲಾಗ್ ತೆಗೆಯಿರಿ. ನನ್ನ ಮಟ್ಟಿಗೆ ಇಡೀ ತೀರ್ಮಾನ ಇರುವುದು ಈ ಒಂದು ಲಾಗ್‌ನಲ್ಲಿ.

ಹೆಜ್ಜೆ 4: ದಿನಾ ಹಾಕುವ ಪೆಟ್ರೋಲ್ ಯಾವುದು?

95, 97, 99, 100 ಆಕ್ಟೇನ್ (ಹೆಚ್ಚಿದ್ದಷ್ಟೂ ನಾಕ್ ತಡೆಯುತ್ತದೆ) ಎಂದು ಬೇರೆ ಬೇರೆ ಹೆಸರಿನ ದುಬಾರಿ ಪೆಟ್ರೋಲ್ ಮಾರುಕಟ್ಟೆಯಲ್ಲಿದೆ. ಎಲ್ಲ ಬಂಕ್‌ನಲ್ಲಿ ಎಲ್ಲವೂ ಇರುವುದಿಲ್ಲ. ಬೆಂಗಳೂರಿನಲ್ಲಿ 97ಕ್ಕೆ ಬರೆದ ಮ್ಯಾಪ್ ಹಾಕಿಸಿಕೊಂಡು ಬಂದು, ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ ರಾತ್ರಿ ಟ್ಯಾಂಕ್ ಖಾಲಿಯಾದರೆ ಸಿಕ್ಕಿದ್ದನ್ನೇ ಹಾಕುತ್ತೀರಿ ತಾನೇ? ಕಾರವಾರದವರು ಅಗ್ಗ ಎಂದು ಮಾಜಾಳಿ ದಾಟಿ ಗೋವಾದಲ್ಲಿ ತುಂಬಿಸುವುದೂ ಉಂಟು. ಹಾಗಾಗಿ ಮ್ಯಾಪ್ ಬರೆಯುವ ಟ್ಯೂನರ್ ಹತ್ತಿರ ಮೊದಲೇ ಹೇಳಿ: ನಾನು ಹಾಕಬಹುದಾದ ಅತಿ ಸಾಮಾನ್ಯ ಪೆಟ್ರೋಲಿಗೆ ಮ್ಯಾಪ್ ಬರೆಯಿರಿ. ಐದು ಹತ್ತು ಪಿಎಸ್ ಕಡಿಮೆ ಬರುತ್ತದೆ. ಬರಲಿ.

ಎಣ್ಣೆಯ ಬಗ್ಗೆಯೂ ಒಂದು ಮಾತು. ಡೈರೆಕ್ಟ್ ಇಂಜೆಕ್ಷನ್ ಇರುವ ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರ ಬಿದ್ದಾಗ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಒಂದು ಕಾಟ ಇದೆ. ಪಿಸ್ಟನ್ ಒಡೆಯುವಷ್ಟು ಜೋರಾಗಿ ಬಡಿಯುತ್ತದೆ. ಇದನ್ನು ತಡೆಯಲೆಂದೇ ಇಂಜಿನ್ ಆಯಿಲ್ ಮಾನದಂಡದಲ್ಲಿ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಬಂತು. ಡಬ್ಬಿಯ ಮೇಲೆ ಎಸ್‌ಪಿ ಇದೆಯಾ, ನಿಮ್ಮ ಕಾರಿನ ಕಂಪನಿ ಹೇಳಿದ ದರ್ಜೆಯೂ ಇದೆಯಾ, ಎರಡೂ ನೋಡಿ ಹಾಕಿಸಿ. ಘಟ್ಟದಲ್ಲಿ ನಾಲ್ಕನೇ ಗೇರಿನಲ್ಲಿ 1,500 ಆರ್‌ಪಿಎಂಗೆ ಬಿದ್ದಾಗ ಪೆಡಲ್ ತಳಮುಟ್ಟ ಒತ್ತುವ ಅಭ್ಯಾಸ ಇದ್ದರೆ ಬಿಡಿ. ರೀಮ್ಯಾಪ್ ಆದ ಕಾರು ಕೆಳಗಿನ ಆರ್‌ಪಿಎಂನಲ್ಲೇ ಜೋರಾಗಿ ಎಳೆಯುತ್ತದೆ, ಗೇರ್ ಇಳಿಸದೆ ಹತ್ತಿಬಿಡಬಹುದು ಅನಿಸುತ್ತದೆ. ಆ ಆಸೆಯೇ ಅಪಾಯ.

ಹೆಜ್ಜೆ 5: ಕ್ಲಚ್, ಗೇರ್‌ಬಾಕ್ಸ್ ತಡೆಯುತ್ತದಾ?

ಕ್ಲಚ್ ನೋಡುವುದು ಸುಲಭ. ಮೇಲಿನ ಗೇರಿನಲ್ಲಿ 2,500ರ ಸುಮಾರಿಗೆ ಪೆಡಲ್ ಜೋರಾಗಿ ಒತ್ತಿದಾಗ ಆರ್‌ಪಿಎಂ ಮೇಲೆ ಹಾರಿ ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಇರುವ ಟಾರ್ಕನ್ನೇ ತಡೆಯದ ಕ್ಲಚ್ ಇನ್ನಷ್ಟು ಹೇಗೆ ತಡೆದೀತು?

ಆಟೋಮ್ಯಾಟಿಕ್‌ನವರು ಗೇರ್‌ಬಾಕ್ಸಿನ ಮಿತಿ ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್, ಸ್ಕೋಡಾದ 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ, ಡಿಕ್ಯು200, ತಯಾರಕರ ಲೆಕ್ಕದಲ್ಲಿ 250 ಎನ್‌ಎಂ ಟಾರ್ಕ್‌ಗೆ ಮಾಡಿದ್ದು. 2013ರ ಪೋಲೊ ಜಿಟಿ ಟಿಎಸ್‌ಐ 175 ಎನ್‌ಎಂ ಮಾತ್ರ ಕೊಡುತ್ತಿತ್ತು, ಅಲ್ಲಿ ಸ್ವಲ್ಪ ಜಾಗ ಇದೆ. ಅದೇ ಗೇರ್‌ಬಾಕ್ಸ್ ಇರುವ ಸ್ಲಾವಿಯಾ 1.5 ಟಿಎಸ್‌ಐ ಶೋರೂಮಿನಿಂದ ಬರುವಾಗಲೇ 250 ಎನ್‌ಎಂ. ಅದಕ್ಕೆ ಇನ್ನೂ 60-70 ಸೇರಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಗೇರ್‌ಬಾಕ್ಸಿನ ಖರ್ಚು ಯಾರು ಕೊಡುತ್ತಾರೆ ಎಂದು ನಯವಾಗಿ ಕೇಳಿ.

ಬ್ರೇಕ್, ಟೈರ್ ನೋಡಿ ಎಂದು ಬೇರೆ ಹೇಳಬೇಕಿಲ್ಲ. ಘಟ್ಟ ಹತ್ತಿದವರು ಇಳಿಯಲೂ ಬೇಕು.

ಹೆಜ್ಜೆ 6: ಯಾವ ಬಗೆಯದು, ಯಾರ ಹತ್ತಿರ

ಪೆಡಲ್ ಬಾಕ್ಸ್ ಎಂದು ಮಾರುವುದು ರೀಮ್ಯಾಪ್ ಅಲ್ಲ. ಅರ್ಧ ಒತ್ತಿದ್ದನ್ನು ಮುಕ್ಕಾಲು ಒತ್ತಿದ ಹಾಗೆ ಈಸಿಯುಗೆ ಹೇಳುತ್ತದೆ ಅಷ್ಟೇ, ಶಕ್ತಿ ಒಂದು ಕೂದಲಷ್ಟೂ ಹೆಚ್ಚುವುದಿಲ್ಲ. ಟ್ಯೂನಿಂಗ್ ಬಾಕ್ಸ್ ಬೂಸ್ಟ್ ಸೆನ್ಸರ್ ವೈರಿನ ನಡುವೆ ಕೂತು ಒತ್ತಡ ಕಡಿಮೆ ಇದೆ ಎಂದು ಸುಳ್ಳು ಹೇಳಿ ಹೆಚ್ಚು ಬೂಸ್ಟ್ ಮಾಡಿಸುತ್ತದೆ. ವಾರಂಟಿ ಸಮಯಕ್ಕೆ ಬಿಚ್ಚಿಡಬಹುದು ಎಂದು ಜನ ಇಷ್ಟಪಡುತ್ತಾರೆ. ಆದರೆ ಸುಳ್ಳಿನ ಮೇಲೆ ನಡೆಯುವ ಈಸಿಯುಗೆ ಕಾಪಾಡುವ ಲೆಕ್ಕವೂ ತಪ್ಪುತ್ತದೆ. ಉಪ್ಪು ಗಾಳಿಯಲ್ಲಿ ಇನ್ನೊಂದೆರಡು ಕನೆಕ್ಟರ್ ಸೇರಿಸುವುದು ನನಗಂತೂ ಇಷ್ಟವಿಲ್ಲ.

ಇನ್ನುಳಿದದ್ದು ನಿಜವಾದ ರೀಮ್ಯಾಪ್. ಸ್ಟೇಜ್ 1 ಎಂದು ಸಿದ್ಧವಾಗಿರುವ ಫೈಲ್ ಹಾಕುವುದು ಒಂದು. ಕಾರು ಹೆಚ್ಚುಕಡಿಮೆ ಕಂಪನಿಯಿಂದ ಬಂದ ಹಾಗೇ ಇದ್ದರೆ ಅದು ಸಾಕು. ಆದರೆ ನಿಮ್ಮ ಪಟ್ಟಿ ಎರಡನೇ, ಮೂರನೇ ಗುಂಪಿನದಾದರೆ ಕಾರಿನ ಲಾಗ್ ನೋಡುತ್ತಾ ಬರೆಯುವ ಕಸ್ಟಮ್ ಮ್ಯಾಪ್ ಬೇಕು, ಬೇರೆಯವರ ಕಾರಿಗೆ ಬರೆದದ್ದು ನಿಮ್ಮದಕ್ಕೆ ಆಗುವುದಿಲ್ಲ.

ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಬೆಂಗಳೂರು, ಪುಣೆ, ಕೊಯಮತ್ತೂರು ಕಡೆ ಹೋಗುತ್ತಾರೆ. ದುಡ್ಡು ಕೊಡುವ ಮೊದಲು ಇಷ್ಟು ಕೇಳಿ. ನನ್ನ ಮೂಲ ಫೈಲ್ ಓದಿ ನನಗೂ ಒಂದು ಪ್ರತಿ ಕೊಡುತ್ತೀರಾ? ನಾಕ್ ಕಂಟ್ರೋಲ್, ಗಾಳಿ ಬಿಸಿಯಾದಾಗ ಬೂಸ್ಟ್ ಇಳಿಸುವುದು, ಎಕ್ಸಾಸ್ಟ್ ಉಷ್ಣತೆಯ ರಕ್ಷಣೆ, ಇವನ್ನೆಲ್ಲ ಹಾಗೇ ಬಿಡುತ್ತೀರಾ? ಫುಲ್ ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಎಷ್ಟಿಡುತ್ತೀರಿ? ಫ್ಲ್ಯಾಶ್ ಮಾಡುವಾಗ (ಈಸಿಯುಗೆ ಹೊಸ ಫೈಲ್ ತುಂಬುವಾಗ) ಬ್ಯಾಟರಿಗೆ ಸ್ಟೆಬಿಲೈಸರ್ ಹಾಕುತ್ತೀರಾ? (ನಡುವೆ ವೋಲ್ಟೇಜ್ ಬಿದ್ದರೆ ಈಸಿಯು ಸತ್ತೇಹೋಗಬಹುದು.) ಮೊದಲು ಮತ್ತು ಆಮೇಲಿನ ಲಾಗ್ ಕೊಡುತ್ತೀರಾ? ಊರಿಗೆ ಹೋದ ಮೇಲೆ ನಾನು ಲಾಗ್ ಕಳಿಸಿದರೆ ತಿದ್ದಿ ಕೊಡುತ್ತೀರಾ? ಇವಕ್ಕೆ ‘ಅದೆಲ್ಲ ನಮಗೆ ಬಿಡಿ ಸರ್’ ಎಂಬ ಉತ್ತರ ಬಂದರೆ ಚಹಾ ಕುಡಿದು ವಾಪಸ್ ಬನ್ನಿ.

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ 91 ಕಿಲೊಪ್ಯಾಸ್ಕಲ್ ಆಸುಪಾಸು, ನಮ್ಮಲ್ಲಿ 101. ಹೆಚ್ಚಿನ ಈಸಿಯುಗಳು ಒಟ್ಟು ಒತ್ತಡ ನೋಡಿ ನಡೆಯುವುದರಿಂದ ಸರಿಹೊಂದಿಸಿಕೊಳ್ಳುತ್ತವೆ. ಆದರೆ ವೇಸ್ಟ್‌ಗೇಟ್ ಸ್ಪ್ರಿಂಗ್ ಹೊರಗಿನ ಗಾಳಿಯ ಮೇಲೆ ಇಷ್ಟು ಎಂದೇ ಹಿಡಿಯುತ್ತದೆ. ಗಟ್ಟಿ ಆಕ್ಚುಯೇಟರ್ ಹಾಕಿದ ಕಾರಿಗೆ ಇಲ್ಲಿ ಬಂದ ಕೂಡಲೇ ಒಟ್ಟು ಒತ್ತಡ ಹತ್ತು ಕಿಲೊಪ್ಯಾಸ್ಕಲ್‌ನಷ್ಟು ತಾನಾಗೇ ಏರಬಹುದು. ಅದರ ಮೇಲೆ ಅಲ್ಲಿನ 24 ಡಿಗ್ರಿ ಸಂಜೆ ಬೇರೆ, ಇಲ್ಲಿನ 34 ಡಿಗ್ರಿ ಮಧ್ಯಾಹ್ನ ಬೇರೆ. ಡೈನೊ ಮೇಲೆ ನಾಕ್ ಇಲ್ಲದ ಮ್ಯಾಪ್ ದೇವಿಮನೆಯಲ್ಲಿ ನಾಕ್ ಆಗುವುದರಲ್ಲಿ ಆಶ್ಚರ್ಯ ಏನಿಲ್ಲ. ಡಿಸೆಂಬರ್‌ನಲ್ಲಿ ಮಾಡಿಸಿದರೆ ಮೇ ತಿಂಗಳ ಲಾಗ್ ಕಳಿಸುವ ಹಕ್ಕು ನಿಮಗಿರಬೇಕು.

ಪೆಡಲ್ ಬಿಟ್ಟಾಗ ಪಟಾಕಿ ಹೊಡೆಯುವ ಮ್ಯಾಪ್ ಫ್ರೀ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಪೆಟ್ರೋಲ್ ಎಕ್ಸಾಸ್ಟ್‌ನಲ್ಲಿ ಉರಿಯುವ ಸದ್ದು ಅದು, ಕ್ಯಾಟ್ ಮತ್ತು ಟರ್ಬೊ ಎರಡೂ ಬೇಯುತ್ತವೆ.

ಡೀಸೆಲ್‌ನವರಿಗೆ ನಾಕಿಂಗ್ ಚಿಂತೆ ಹೀಗಿಲ್ಲ, ಕಡಿಮೆ ಆರ್‌ಪಿಎಂನ ಟಾರ್ಕ್ ಘಟ್ಟಕ್ಕೆ ಒದಗುತ್ತದೆ, ರೀಮ್ಯಾಪ್‌ನ ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಹಿಂದೆ ಕಪ್ಪು ಹೊಗೆ ಬಂದರೆ ಗಾಳಿಗಿಂತ ಡೀಸೆಲ್ ಜಾಸ್ತಿ ಸುರಿದಿದ್ದಾರೆ ಎಂದೇ ಅರ್ಥ, ಅದು ಶಕ್ತಿಯ ಗುರುತಲ್ಲ. ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ತೆಗೆಸುವ ಮಾತಿಗೆ ಹೋಗಬೇಡಿ.

ಹೆಜ್ಜೆ 7: ಕಾಗದ ಪತ್ರ

ವಾರಂಟಿ ಇರುವ ಕಾರಾದರೆ ನನ್ನ ಸಲಹೆ, ಮುಗಿಯುವ ತನಕ ಕಾಯಿರಿ. ಮೂಲ ಫೈಲ್ ವಾಪಸ್ ಹಾಕಿದರೂ ಗೊತ್ತಾಗುತ್ತದೆ, ಎಷ್ಟು ಸಲ ಫ್ಲ್ಯಾಶ್ ಆಗಿದೆ ಎಂಬ ಲೆಕ್ಕ ಹಲವು ಈಸಿಯುಗಳಲ್ಲಿ ಉಳಿಯುತ್ತದೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಕಲಂನಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಹೊಗೆ, ಸದ್ದಿನ ಮಿತಿ ಮೀರಿದರೆ 190(2) ಬೇರೆ, ಅಲ್ಲಿ ದಂಡ 10,000ದವರೆಗೂ ಹೋಗುತ್ತದೆ. ಈಸಿಯು ಒಳಗಿನದು ಕಣ್ಣಿಗೆ ಕಾಣುವುದಿಲ್ಲ ನಿಜ, ಕ್ಯಾಟ್ ಇಲ್ಲದ ಎಕ್ಸಾಸ್ಟ್ ಅರ್ಧ ಊರಿಗೇ ಕೇಳುತ್ತದೆ. ಕೆಎ-30 ಇರಲಿ, ಕೆಎ-31 ಇರಲಿ, ನಿಲ್ಲಿಸುವವರು ನಿಲ್ಲಿಸುತ್ತಾರೆ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆ ತಿಳಿಸಿರದಿದ್ದರೆ ದೊಡ್ಡ ಕ್ಲೇಮ್ ಬಂದಾಗ ಅವರಿಗೆ ಅದೇ ನೆಪ. ಈ ಖರ್ಚು, ಈ ರಿಸ್ಕ್ ಎಲ್ಲ ಸೇರಿಸಿಯೇ ಲೆಕ್ಕ ಹಾಕಿ.

ಹೆಜ್ಜೆ 8: ಮಾಡಿಸಿ ಬಂದ ಮೇಲೆ

ಮೊದಲಿನ ಲಾಗ್ ಉಳಿಸಿಟ್ಟಿದ್ದೀರಲ್ಲ, ಅದೇ ದಾರಿ, ಅದೇ ಮಧ್ಯಾಹ್ನದ ಹೊತ್ತು, ಅದೇ ಗೇರಿನಲ್ಲಿ ಮತ್ತೆ ತೆಗೆಯಿರಿ. ಟ್ರಿಮ್ 5ರ ಒಳಗೇ ಇರಬೇಕು. ನಾಕ್‌ಗೆ ಟೈಮಿಂಗ್ ಎಳೆಯುವುದು ಮೊದಲಿಗಿಂತ ಜಾಸ್ತಿ ಆಗಿರಬಾರದು. ಕೇಳಿದ ಬೂಸ್ಟ್‌ಗೂ ಸಿಕ್ಕ ಬೂಸ್ಟ್‌ಗೂ ದೊಡ್ಡ ಅಂತರ ಇದ್ದರೆ, ಬೂಸ್ಟ್ ಸಾಲುತ್ತಿಲ್ಲ ಎಂದು ಪಿ0299 ಎಂಬ ಕೋಡ್ ಬಂದರೆ, ಮತ್ತೆ ಹೋಸ್ ನೋಡಿ. ಸರಿ ಇಲ್ಲದಿದ್ದರೆ ಲಾಗ್ ಕಳಿಸಿ ತಿದ್ದಿಸಿಕೊಳ್ಳಿ, ಅಷ್ಟು ದಿನ ಬೂಸ್ಟ್ ಬೇಡ.

ಆಯಿಲ್ ಬದಲಿಸುವ ಅವಧಿ ಕಡಿಮೆ ಮಾಡಿ. ಪ್ಲಗ್ ಬೇಗ ಬದಲಿಸಿ. ಘಟ್ಟ ಹತ್ತಿ ರಾಗಿಹೊಸಳ್ಳಿ ಹತ್ತಿರ ಚಹಾಕ್ಕೆ ನಿಲ್ಲಿಸುವುದಾದರೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ, ಟರ್ಬೊ ತಣಿಯಲಿ. ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್ ಮೇಲೆ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ’ ಎಂದು ಬರೆಸಿ. ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿ ಕಂಪನಿಯದು ಕೂರುತ್ತದೆ. ದೊಡ್ಡ ಇಂಜೆಕ್ಟರ್ ಇರುವ ಕಾರಾದರೆ ಅದು ಸರ್ವಿಸ್ ಸೆಂಟರ್ ಗೇಟ್ ದಾಟುವುದೂ ಕಷ್ಟ.